ಕುದುರೆಯ ಮಣ್ಣಿಗೆ ಹೋದವರು

2021ರ ಮೇ 23, ರವಿವಾರ. ಗೋಕಾಕ ತಾಲೂಕಿನ ಕೊಣ್ಣೂರಿನ ಮರಡಿಮಠದಲ್ಲಿ ಒಂದು ಕುದುರೆಯನ್ನು ಮಣ್ಣು ಮಾಡಿದರು. ಮಠದ ಕುದುರೆ ಅದು. ಕೊರೊನಾ ಬ್ಯಾನಿ ಊರು ಬಿಟ್ಟು ಹೋಗಲಿ ಅಂತ ದೇವರ ಹೆಸರಿನಲ್ಲಿ ಅದನ್ನು ತಿರುಗಾಡಲು ಬಿಟ್ಟಿದ್ದರು. ಬ್ಯಾನಿ ಹೋಗಲಿಲ್ಲ, ಕುದುರೆ ಹೋಯಿತು. ಲಾಕ್‌ಡೌನ್ ಇದ್ದರೂ ನೂರಾರು ಜನ ಮೆರವಣಿಗೆಯಲ್ಲಿ ನಡೆದರು. ವಿಡಿಯೊ ದೇಶವೆಲ್ಲ ಓಡಾಡಿತು. ದಿಲ್ಲಿಯ ಟೀವಿಯವರು ನಕ್ಕರು, ಬೆಂಗಳೂರಿನವರು ನಕ್ಕರು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ.

ನಕ್ಕಿದ್ದು ನಮ್ಮ ಓಣಿಯ ಆಯಿಯೊಬ್ಬಳ ಮುಂದೆ. ಮೊಬೈಲು ಆಕೆಯ ಕಡೆ ತಿರುಗಿಸಿ, "ನೋಡ ಆಯಿ, ನಮ್ಮ ಮಂದಿ ಹೆಂಗದಾರ" ಅಂದೆ. ಆಯಿ ನಗಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ, "ಅವರಿಗೆ ಕುದುರಿ ಮಣ್ಣಿಗರ ಹೋಗಾಕ ಆತು. ನಮ್ಮ ತಮ್ಮನ ಮಣ್ಣಿಗೆ ನಮ್ಮನ್ನ ಬಿಡಲಿಲ್ಲಲ್ಲೋ ತಮ್ಮಾ" ಅಂದಳು. ಆ ವಾರವಷ್ಟೇ ಆಕೆಯ ಒಡಹುಟ್ಟಿದವನು ದವಾಖಾನೆಯಲ್ಲಿ ತೀರಿಕೊಂಡಿದ್ದ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಯಾರೋ ನಾಲ್ವರು ಒಯ್ದು ಮುಗಿಸಿದ್ದರು. ಬಾಯಿಗೆ ನೀರು ಬಿಡುವವರಿಲ್ಲ, ಮುಖ ನೋಡುವವರಿಲ್ಲ. ನಿಯಮ ಹಾಗಿತ್ತು.

ಆಯಿ ಅಂದದ್ದನ್ನು ಕೇಳಿದ ಮೇಲೆ ಆ ವಿಡಿಯೊ ನನಗೆ ಬೇರೆಯಾಗಿಯೇ ಕಾಣತೊಡಗಿತು. ಆ ಮೆರವಣಿಗೆಯಲ್ಲಿ ನಡೆದವರು ಕುದುರೆಯೊಂದನ್ನೇ ಕಳಿಸಲು ಹೋಗಿದ್ದರೆ? ಅಥವಾ ಆ ಎರಡು ತಿಂಗಳು ಮಣ್ಣಿಗೆ ಹೋಗಲಾಗದೆ ಉಳಿದ ಎಲ್ಲರ ಮಣ್ಣಿಗೂ ಒಮ್ಮೆಲೇ ಹೊರಟಿದ್ದರೆ? ಗುಂಪು ಸೇರಿದ್ದು ತಪ್ಪು. ಆ ಮೇ ತಿಂಗಳಲ್ಲಿ ಗುಂಪು ಎಂದರೆ ಸಾವು. ಆದರೆ ತಪ್ಪು ಮಾಡಿದವನ ಎದೆಯಲ್ಲಿ ಏನಿತ್ತು ಎಂದು ಕೇಳದೆ ಶಿಕ್ಷೆ ಕೊಡುವ ಸರಕಾರ, ನಾಳೆ ಅದೇ ಮನುಷ್ಯನ ಬಾಗಿಲಿಗೆ ಸೂಜಿ ಹಿಡಿದು ಬಂದಾಗ ಅವನು ತೋಳು ಚಾಚುತ್ತಾನೆ ಎಂದು ಯಾವ ಧೈರ್ಯದಿಂದ ನಂಬುತ್ತದೆ?

ಮರಡಿಮಠವನ್ನು ಸೀಲ್‌ಡೌನ್ ಮಾಡಿದರು. ಜನರ ಮೇಲೆ ಪ್ರಕರಣ ದಾಖಲಾಯಿತು. ಸರಿ, ಕಾನೂನು ಕಾನೂನೇ. ಆದರೆ ಅದಕ್ಕೆ ಐದು ವಾರ ಮುಂಚೆ ಏನಾಗಿತ್ತು? 2020ರ ಸೆಪ್ಟೆಂಬರ್ 23ರಂದು ರೇಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ ಇದೇ ಕೊರೊನಾಕ್ಕೆ ಬಲಿಯಾದರು. ತೆರವಾದ ಬೆಳಗಾವಿ ಲೋಕಸಭೆ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ. ಗೋಕಾಕವೂ, ಮೂಡಲಗಿ ಸೇರಿದ ಅರಭಾವಿಯೂ ಆ ಕ್ಷೇತ್ರದವೇ. ಎರಡನೇ ಅಲೆ ಏರುತ್ತಿತ್ತು. ಪ್ರಚಾರ ನಡೆದೇ ನಡೆಯಿತು. ಎಲ್ಲ ಪಕ್ಷದವರೂ ಬಂದರು, ಎಲ್ಲರೂ ಕೈ ಬೀಸಿದರು. ಮತದಾನದ ಹಿಂದಿನ ದಿನ ಮುಖ್ಯಮಂತ್ರಿಗೇ ಸೋಂಕು ದೃಢಪಟ್ಟಿತು. ಅದೇ ವರ್ಷ ಜನವರಿ 17ರಂದು ಬೆಳಗಾವಿಯಲ್ಲಿ ಕೇಂದ್ರ ಗೃಹ ಸಚಿವರ ದೊಡ್ಡ ಸಮಾವೇಶ ನಡೆದಿತ್ತು. ಮಾಸ್ಕಿಲ್ಲ, ಅಂತರವಿಲ್ಲ, ಎಫ್‌ಐಆರ್ ಯಾಕಿಲ್ಲ ಎಂದು ಪೊಲೀಸರನ್ನು ಕೇಳಲು ಹೈಕೋರ್ಟೇ ಬಾಯಿ ತೆರೆಯಬೇಕಾಯಿತು.

ನಮ್ಮ ಕಡೆ ಹೊಲದಲ್ಲಿ ಕಳೆ ಕೀಳುವ ಹೆಣ್ಣುಮಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಕೆ ಎರಡನ್ನೂ ಕಣ್ಣಾರೆ ಕಂಡಿದ್ದಾಳೆ. ಓಟಿಗಾದರೆ ಬ್ಯಾನಿ ಇಲ್ಲ, ಕುದುರೆಗಾದರೆ ಇದೆ. ಆ ಲೆಕ್ಕ ಆಕೆಯ ಮನಸ್ಸಿನಲ್ಲಿ ಕೂತ ಮೇಲೆ ಆಶಾ ಕಾರ್ಯಕರ್ತೆ ಬಂದು, "ಅಕ್ಕಾ, ಲಸಿಕಿ ಹಾಕಿಸ್ಕೋರಿ, ಸರಕಾರ ನಿಮ್ಮ ಒಳ್ಳೇದಕ್ಕ ಹೇಳಾಕತ್ತೈತಿ" ಅಂದರೆ, "ಹೌದಽ? ಸರಕಾರಕ್ಕ ನಮ್ಮ ಮ್ಯಾಲ ಯಾವಾಗಿಂದ ಇಷ್ಟ ಕಕ್ಕುಲಾತಿ ಬಂತು?" ಎಂದು ಕೇಳದೆ ಇರುತ್ತಾಳೆಯೆ?

ಇಲ್ಲೇ ಒಂದು ಮಾತು ಸ್ಪಷ್ಟ ಮಾಡಬೇಕು, ಇಲ್ಲದಿದ್ದರೆ ನನ್ನ ಬರಹವನ್ನೂ ಯಾರಾದರೂ ಕತ್ತರಿಸಿ ವಾಟ್ಸಾಪಿಗೆ ಬಿಟ್ಟಾರು. ನಾನು ಲಸಿಕೆಯ ಪರ. ಕೊರೊನಾ ಲಸಿಕೆ ಹಾಕಿಸಿಕೊಂಡವನು, ಮನೆಮಂದಿಗೆಲ್ಲ ಹಾಕಿಸಿದವನು. ಧನುರ್ವಾಯು, ಗಂಟಲಮಾರಿ, ಪೋಲಿಯೊ, ದಡಾರ ಇವು ನಮ್ಮ ಊರುಗಳ ಎಷ್ಟು ಕೂಸುಗಳನ್ನು ತಿಂದಿದ್ದವು ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು, ನಮಗೆ ಮರೆತಿದೆ. ಮರೆಯುವಂತೆ ಮಾಡಿದ್ದೇ ಲಸಿಕೆ. ನನ್ನ ಜಗಳ ಜುಲುಮೆಯ ಜೊತೆ. ಮತ್ತು ಜುಲುಮೆಯನ್ನು ನೆಪ ಮಾಡಿಕೊಂಡು ಹೆದರಿಕೆ ಮಾರುವವರ ಜೊತೆ.

ಹೆದರಿಕೆಯೂ ಹೊಸದಲ್ಲ. 2021ರಲ್ಲಿ ನಮ್ಮಲ್ಲಿ ಓಡಾಡಿದ ಮಾತುಗಳನ್ನು ನೆನಪು ಮಾಡಿಕೊಳ್ಳಿ: ಚುಚ್ಚಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆ, ಗಂಡಸರಿಗೆ ಗಂಡಸುತನ ಹೋಗುತ್ತದೆ, ಹೆಣ್ಣುಮಕ್ಕಳಿಗೆ ಮಕ್ಕಳಾಗುವುದಿಲ್ಲ. ಎರಡು ವರ್ಷದ ಮಾತಿಗಂತೂ ಫ್ರಾನ್ಸಿನ ನೊಬೆಲ್ ವಿಜ್ಞಾನಿಯೊಬ್ಬರ ಹೆಸರನ್ನೂ ಅಂಟಿಸಿದ್ದರು; ಅದು ಸುಳ್ಳೆಂದು ಕೇಂದ್ರ ಸರಕಾರವೇ ಪ್ರಕಟಣೆ ಕೊಡಬೇಕಾಯಿತು. ಈಗ ಪ್ಲೇಗಿನ ಕಾಲಕ್ಕೆ ಹೋಗಿ. ಪ್ಲೇಗಿನ ಲಸಿಕೆ ಬಂದಾಗ ಪಂಜಾಬಿನ ಹಳ್ಳಿಗಳಲ್ಲಿ ಹಬ್ಬಿದ್ದ ಸುದ್ದಿಗಳು ಸರಕಾರಿ ದಾಖಲೆಗಳಲ್ಲಿವೆ. ಸೂಜಿ ಗಜದುದ್ದ ಇದೆಯಂತೆ. ಚುಚ್ಚಿದ ಕೂಡಲೆ ಸಾಯುತ್ತಾರಂತೆ, ಬದುಕಿದರೆ ಆರು ತಿಂಗಳಿಗೆ ಸಾಯುತ್ತಾರಂತೆ. ಗಂಡಸುತನ ಹೋಗುತ್ತದಂತೆ, ಹೆಂಗಸರು ಬಂಜೆಯಾಗುತ್ತಾರಂತೆ. ನೂರಿಪ್ಪತ್ತು ವರ್ಷ ದಾಟಿ, ಟೆಲಿಗ್ರಾಮು ಹೋಗಿ ಮೊಬೈಲು ಬಂದರೂ ಗಾಳಿಮಾತು ಒಂದಕ್ಷರ ಬದಲಾಗಿಲ್ಲ. ಬರೀ ಅಜ್ಞಾನ ಇಷ್ಟು ಕಾಲ ಬಾಳುವುದಿಲ್ಲ. ಅದಕ್ಕೆ ಯಾರೋ ನೀರು ಹಾಕುತ್ತ ಬಂದಿರಬೇಕು.

ನೀರು ಹಾಕಿದ ಮೊದಲ ಕೊಡ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಮುಂಬಯಿಗೆ 1896ರಲ್ಲಿ ಪ್ಲೇಗು ಬಂತು. ಮರುವರ್ಷ ಫೆಬ್ರುವರಿಯಲ್ಲಿ ಕಾಯ್ದೆ ಬಂತು. ನಾಲ್ಕೇ ಕಲಮು. ರೋಗ ತಡೆಯಲು ಸರಕಾರ ತನಗೆ ಬೇಕೆನಿಸಿದ ಕ್ರಮ ಕೈಗೊಳ್ಳಬಹುದು, ಮೀರಿದವರಿಗೆ ಶಿಕ್ಷೆ, ಒಳ್ಳೆಯ ಉದ್ದೇಶದಿಂದ ಮಾಡಿದೆ ಎಂದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ತಿರುಗಿಸಿ ತಿರುಗಿಸಿ ಓದಿದರೂ ರೋಗಿಗೆ ಏನು ಹಕ್ಕು, ಅವನ ಮನೆಯವರಿಗೆ ಯಾರು ಉತ್ತರ ಕೊಡಬೇಕು ಎಂಬ ಸಾಲು ಸಿಗುವುದಿಲ್ಲ. ಆ ಕಾಯ್ದೆಯ ಬಲದಲ್ಲಿ ಪುಣೆಯಲ್ಲಿ ಸೋಲ್ಜರುಗಳು ಮನೆ ಹೊಕ್ಕರು, ಅಡುಗೆಮನೆ ಹೊಕ್ಕರು, ದೇವರಕೋಣೆ ಹೊಕ್ಕರು, ಹೆಂಗಸರ ಮೈ ತಪಾಸಣೆ ಮಾಡಿದರು. ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡನಿಗೆ ಚಾಪೇಕರ ಸಹೋದರರ ಗುಂಡು ಬಿತ್ತು. ಬೆಳಗಾವಿ, ಧಾರವಾಡ ಆಗ ಅದೇ ಮುಂಬಯಿ ಪ್ರಾಂತದವು. ಪ್ಲೇಗೂ ಇತ್ತ ಬಂತು, ಅದರ ಹಿಂದೆ ಕಾಯ್ದೆಯೂ ಬಂತು. ಇಲಿ ಬಿದ್ದವು ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ನಮ್ಮ ಜನ ತಾವೇ ಕಲಿತ ಉಪಾಯ. ಆದರೆ ಊರು ಬಿಟ್ಟು ಹೋಗುವುದು ಬೇರೆ, ಊರಿಂದ ಹೊರಗೆ ಹಾಕಿಸಿಕೊಳ್ಳುವುದು ಬೇರೆ.

ಅದೇ ಕಾಲದಲ್ಲಿ ನಮ್ಮ ಮಗ್ಗುಲಿನ ಹುಬ್ಬಳ್ಳಿಯಲ್ಲಿ ಬೇರೆಯೇ ಒಂದು ಸಂಗತಿ ನಡೆಯಿತು. 1898ರ ಬೇಸಿಗೆಯಿಂದ ಸೆಪ್ಟೆಂಬರಿನ ಹೊತ್ತಿಗೆ ಅಲ್ಲಿ ಸುಮಾರು 38 ಸಾವಿರ ಜನ ಹಾಫ್‌ಕಿನ್ ಲಸಿಕೆ ಚುಚ್ಚಿಸಿಕೊಂಡರು. ಊರಿನ ಜನಸಂಖ್ಯೆಯೇ ಐವತ್ತು ಸಾವಿರದ ಆಜುಬಾಜು. ವೈದ್ಯ ಲ್ಯೂಮನ್ ಕೂತು ಚುಚ್ಚಿದ, ರೇಲ್ವೆ ಕಾರ್ಖಾನೆಯ ಕೆಲಸಗಾರರು ಸಾಲುಗಟ್ಟಿದರು. ಆ ಲಸಿಕೆ ಕಂಡುಹಿಡಿದ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿ 10ರಂದು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದ. ಹುಬ್ಬಳ್ಳಿಯ ಸಾಲಿನಲ್ಲಿ ಬರೀ ಪ್ರೀತಿ ಇತ್ತು ಎಂದು ನಾನು ಹೇಳುವುದಿಲ್ಲ. ಚುಚ್ಚಿಸಿಕೊಂಡವನಿಗೆ ಚೀಟಿ, ಚೀಟಿ ಇದ್ದವನಿಗೆ ನಿರ್ಬಂಧದಲ್ಲಿ ಸಡಿಲಿಕೆ ಎಂಬ ಆಮಿಷ ಆಗಲೂ ಇತ್ತು. ಆದರೂ ಬಂದೂಕು ಇರಲಿಲ್ಲ. ಪಕ್ಕದ ಮನೆಯವನು ಚುಚ್ಚಿಸಿಕೊಂಡು ಬದುಕಿದ್ದನ್ನು ನೋಡಿ ಈ ಮನೆಯವನು ಹೋದ.

ಎರಡನೆಯ ಕೊಡ ನೀರು ಸ್ವತಂತ್ರ ಭಾರತವೇ ಹಾಕಿದ್ದು. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಮಾಸ್ತರರಿಗೆ ಕೋಟಾ, ತಲಾಠಿಗೆ ಕೋಟಾ; ಸಂತೆಯಿಂದ, ಬಸ್‌ಸ್ಟ್ಯಾಂಡಿನಿಂದ ಜನರನ್ನು ಹಿಡಿದೊಯ್ದ ಕತೆಗಳು ಉತ್ತರದಿಂದ ನಮ್ಮವರೆಗೂ ಬಂದವು. 'ಸೂಜಿ ಹಾಕಿದರ ಮಕ್ಕಳಾಗೂದಿಲ್ಲ' ಎಂಬ ಮಾತಿಗೆ ನಗುವ ಮುನ್ನ, ಸರಕಾರ ಒಮ್ಮೆ ನಿಜವಾಗಿಯೂ ಮಕ್ಕಳಾಗದಂತೆ ಮಾಡಲು ಮನೆ ಬಾಗಿಲಿಗೆ ಬಂದಿತ್ತು ಎಂಬುದನ್ನು ನೆನೆಯಬೇಕು. ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಬೇರೆ ಬ್ಯಾನಿಗೆ ಅನ್ವಯಿಸಿದಳು, ಅಷ್ಟೆ.

ಮೂರನೆಯದು ನಮ್ಮದೇ ಜಿಲ್ಲೆಯದು. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ.

2022ರ ಜನವರಿ, ಸಂಕ್ರಾಂತಿಯ ಆಸುಪಾಸು. ರಾಮದುರ್ಗ ತಾಲೂಕಿನಲ್ಲಿ, ಸಾಲಹಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿಕೊಂಡ ಮೂರು ಕೂಸುಗಳು ಕೆಲವೇ ದಿನಗಳಲ್ಲಿ ತೀರಿಕೊಂಡವು. ಇನ್ನೂ ಎರಡು ವರ್ಷ ತುಂಬದ ಮಕ್ಕಳು. ಲಸಿಕೆಯ ಬಾಟಲಿಯನ್ನು ಹೋಟೆಲೊಂದರ ಫ್ರಿಜ್ಜಿನಲ್ಲಿ ಇಟ್ಟಿದ್ದರು ಎಂದು ಪತ್ರಿಕೆಗಳು ಬರೆದವು. ತನಿಖೆ ಶುರುವಾಯಿತು, ಕೆಳಹಂತದ ಇಬ್ಬರು ಸಿಬ್ಬಂದಿ ಅಮಾನತಾದರು.

ಈ ಲಸಿಕೆಯ ರೀತಿಯನ್ನು ತಾಯಂದಿರಿಗೆ ಯಾರೂ ಹೇಳಿಕೊಟ್ಟಿಲ್ಲ, ಆದ್ದರಿಂದ ಇಲ್ಲಿ ಹೇಳುತ್ತೇನೆ. ಅದು ಬಾಟಲಿಯಲ್ಲಿ ಒಣಪುಡಿಯಾಗಿರುತ್ತದೆ. ಜೊತೆಗೆ ಬಂದ ದ್ರಾವಣ ಬೆರೆಸಿ ಚುಚ್ಚಬೇಕು. 2ರಿಂದ 8 ಡಿಗ್ರಿ ಚಳಿಯಲ್ಲೇ ಇರಬೇಕು. ಬೆರೆಸಿದ ಮೇಲೆ ನಾಲ್ಕು ತಾಸು, ಅದರಾಚೆಗೆ ಒಂದು ಹನಿಯೂ ಬಳಸುವಂತಿಲ್ಲ, ಚೆಲ್ಲಬೇಕು. ಯಾಕೆಂದರೆ ಅದರಲ್ಲಿ ಕೆಡದಂತೆ ತಡೆಯುವ ಮದ್ದು ಇರುವುದಿಲ್ಲ. ಉಳಿದ ದ್ರಾವಣದಲ್ಲಿ ಒಂದು ಸೂಕ್ಷ್ಮಾಣು ಹೊಕ್ಕರೆ ಅದು ಅಲ್ಲೇ ಸಂಸಾರ ಹೂಡುತ್ತದೆ, ವಿಷ ಕಾರುತ್ತದೆ. ಆಗ ಕೊಲ್ಲುವುದು ಆ ವಿಷ. ಕೂಸು ಕಳಕೊಂಡ ತಾಯಿಗೆ ಲಸಿಕೆ ಬೇರೆ, ವಿಷ ಬೇರೆ ಎಂದು ಹೇಳಲು ಹೋಗುವ ಧೈರ್ಯ ನನಗಂತೂ ಇಲ್ಲ. ಆದರೆ ಉಳಿದ ನಮಗೆಲ್ಲ ಅದು ಗೊತ್ತಿರಲೇಬೇಕು.

ಇದಕ್ಕೂ ಒಂದು ಹಳೆಯ ಜೋಡಿ ಇದೆ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲದಲ್ಲಿ ಪ್ಲೇಗಿನ ಲಸಿಕೆ ಪಡೆದ 107 ಜನರ ಪೈಕಿ ಒಂದೇ ಬಾಟಲಿಯಿಂದ ಚುಚ್ಚಿಸಿಕೊಂಡ 19 ಮಂದಿ ಧನುರ್ವಾಯು ಬಂದು ಸತ್ತರು. ಸರಕಾರ ಹಾಫ್‌ಕಿನ್‌ನನ್ನು ಹುದ್ದೆಯಿಂದ ಬದಿಗಿಟ್ಟಿತು. ಬಾಟಲಿಯ ಬಿರಡೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು, ಸರಿಯಾಗಿ ಶುದ್ಧ ಮಾಡದೆ ಅದನ್ನೇ ಬಳಸಿದ್ದ ಎಂಬುದು ಹೊರಬಂದು ಹಾಫ್‌ಕಿನ್ ನಿರ್ದೋಷಿ ಎನಿಸಿಕೊಳ್ಳುವ ಹೊತ್ತಿಗೆ 1907 ಆಗಿತ್ತು. ಮುಲ್ಕೋವಾಲದಲ್ಲೂ ಬಾಟಲಿ, ರಾಮದುರ್ಗದಲ್ಲೂ ಬಾಟಲಿ. ಅಲ್ಲಿ ದೊಡ್ಡವನನ್ನು ಹಿಡಿದರು, ಇಲ್ಲಿ ಸಣ್ಣವರನ್ನು ಹಿಡಿದರು. ದಿನವೆಲ್ಲ ನಾಲ್ಕಾರು ಹಳ್ಳಿ ತಿರುಗುವ ನರ್ಸಕ್ಕನಿಗೆ ಬಸ್ಸು ಎಷ್ಟೊತ್ತಿಗೆ, ಉಳಿದ ಬಾಟಲಿ ಸಂಜೆ ಕೇಂದ್ರಕ್ಕೆ ಮುಟ್ಟಿಸುವವರು ಯಾರು, ತಿಂಗಳ ಗುರಿ ಮುಟ್ಟದಿದ್ದರೆ ಮೇಲಿನವರು ಏನನ್ನುತ್ತಾರೆ, ಬಾಟಲಿ ಚೆಲ್ಲಿದರೆ ನಷ್ಟದ ಲೆಕ್ಕ ಯಾರು ಕೇಳುತ್ತಾರೆ? ಈ ಪ್ರಶ್ನೆಗಳು ಅಮಾನತಿನ ಆದೇಶದಲ್ಲಿ ಬರುವುದಿಲ್ಲ.

ಸೋಜಿಗವೆಂದರೆ ಲಸಿಕೆಗೆ ಇಷ್ಟು ಹೆದರುವ ಈ ಜಿಲ್ಲೆಯೇ ಒಂದು ಕಾಲಕ್ಕೆ ದೇಶಕ್ಕೆ ಲಸಿಕೆ ಮಾಡಿಕೊಡುತ್ತಿತ್ತು. ಬೆಳಗಾವಿಯ ಟಿಳಕವಾಡಿಯ ವ್ಯಾಕ್ಸಿನ್ ಡಿಪೊ ಎಂದರೆ ಈಗ ಬೆಳಗಿನ ವಾಕಿಂಗು, ಮರಗಳು, ಕ್ರಿಕೆಟ್ಟು, ಮೇಳಗಳು. 1904ರಲ್ಲಿ ಅದು ಶುರುವಾದದ್ದು ಮೈಲಿ ಬ್ಯಾನಿಯ ಲಸಿಕೆ ತಯಾರಿಸಲು. ಕರುಗಳ ಮೈಮೇಲೆ ಬೆಳೆಸಿದ ಲಸಿಕೆ ಇಲ್ಲಿಂದ ಹೋಗುತ್ತಿತ್ತು; ಮುಂದೆ ಚಳಿಪೆಟ್ಟಿಗೆ ಇಲ್ಲದ ಊರಿಗೂ ಒಯ್ಯಬಹುದಾದ ಒಣಲಸಿಕೆಯನ್ನು ತಯಾರಿಸಿದ ದೇಶದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದಾಯಿತು. ನಮ್ಮ ಹಿರಿಯರ ತೋಳಿನ ಮೇಲಿನ ಆ ದುಂಡನೆಯ ಕಲೆಗಳಲ್ಲಿ ಎಷ್ಟೋ ನಮ್ಮ ಜಿಲ್ಲೆಯ ಕೈಕೆಲಸವೇ. 1975ರ ಮೇ 24ರಂದು ಭಾರತದಲ್ಲಿ ಮೈಲಿಯ ಕೊನೆಯ ರೋಗಿ ಕಂಡದ್ದು, ಆಮೇಲೆ ಅದು ಈ ನೆಲದಲ್ಲಿ ಇಲ್ಲ.

'ಜುಲುಮೆ ಇಲ್ಲದಿದ್ದರೆ ಮೈಲಿ ಹೋಗುತ್ತಿತ್ತೆ?' ಎಂದು ಕೇಳುವವರಿದ್ದಾರೆ. ಆ ಕೊನೆಯ ವರ್ಷಗಳಲ್ಲಿ ಕೆಲವೆಡೆ ಬಾಗಿಲು ಮುರಿದು ಚುಚ್ಚಿದ್ದೂ ಉಂಟು. ಅದನ್ನು ಮುಚ್ಚಿಡುವುದು ಬೇಡ. ಆದರೆ ಗೆದ್ದ ತಂತ್ರ ಅದಾಗಿರಲಿಲ್ಲ. ಎಲ್ಲರಿಗೂ ಚುಚ್ಚಿ ಎಂಬ ಹಟ ಬಿಟ್ಟು, ರೋಗಿ ಎಲ್ಲಿದ್ದಾನೆ ಹುಡುಕಿ, ಅವನ ಸುತ್ತಲಿನವರಿಗೆ ಮಾತ್ರ ಚುಚ್ಚಿ ಎಂದಾಗ ರೋಗ ಸಿಕ್ಕಿಬಿತ್ತು. ರೋಗಿ ಇರುವ ಸುದ್ದಿ ಕೊಟ್ಟವನಿಗೆ ಬಹುಮಾನ ಇಟ್ಟರು. ಕೊನೆಕೊನೆಗೆ ಅದು ಸಾವಿರ ರೂಪಾಯಿ ಮುಟ್ಟಿತು. ನಿಜ ಹೇಳಿದವನಿಗೆ ಅಂದು ದುಡ್ಡು ಕೊಟ್ಟರು. 2020ರಲ್ಲಿ ನಿಜ ಹೇಳಿದವನ ಮನೆಗೆ ತಗಡು ಬಡಿದರು. ಕೆಮ್ಮು ಬಂದವನು ಕಬ್ಬಿನ ಗದ್ದೆಯಲ್ಲಿ ಅಡಗಿದ್ದರಲ್ಲಿ ಏನು ಆಶ್ಚರ್ಯ?

ಇನ್ನು ಕೊರೊನಾ ಲಸಿಕೆಯ ಕಾಗದದ ಮಾತು. 2021ರಲ್ಲಿ ಚಾಮರಾಜನಗರದಲ್ಲಿ ಜಿಲ್ಲಾಧಿಕಾರಿಗಳ ಘೋಷಣೆ ಒಂದು ಬಂದಿತ್ತು: ಲಸಿಕೆ ಇಲ್ಲದಿದ್ದರೆ ರೇಷನ್ನೂ ಇಲ್ಲ, ಪಿಂಚಣಿಯೂ ಇಲ್ಲ. ಗದ್ದಲವಾಯಿತು, ಸರಕಾರ ಹಾಗಿಲ್ಲ ಎಂದಿತು. ಆದರೆ ಹಳ್ಳಿಗೆ ಮುಟ್ಟುವುದು ಘೋಷಣೆ, ತಿದ್ದುಪಡಿಯಲ್ಲ. ನಮ್ಮ ಕಡೆಯೂ ನ್ಯಾಯಬೆಲೆ ಅಂಗಡಿಯ ಮುಂದೆ, ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ, ಸಿನಿಮಾ ಟಾಕೀಜಿನಲ್ಲಿ ಸರ್ಟಿಫಿಕೇಟಿನ ಮಾತೇ ಮಾತು. ಮಿರಜಿಗೋ ಗಡಹಿಂಗ್ಲಜಕ್ಕೋ ದವಾಖಾನೆಗೆ ಹೋಗಿ ಬರುವ ಹುಕ್ಕೇರಿ ಕಡೆಯ ಜನರಿಗೆ ಗಡಿಯೇ ಹೊಸದಾಗಿ ಹುಟ್ಟಿದಂತಾಯಿತು. ಇತ್ತ ಸುಪ್ರೀಂ ಕೋರ್ಟಿನಲ್ಲಿ 2022ರ ನವೆಂಬರಿನಲ್ಲಿ, ಲಸಿಕೆಯ ನಂತರ ಮಕ್ಕಳನ್ನು ಕಳಕೊಂಡ ತಂದೆತಾಯಿಗಳ ಅರ್ಜಿಗೆ ಕೇಂದ್ರ ಸರಕಾರ ಕೊಟ್ಟ ಉತ್ತರವೇನು? ಲಸಿಕೆ ಪಡೆಯುವುದು ಅವರವರ ಇಚ್ಛೆಗೆ ಬಿಟ್ಟದ್ದಾಗಿತ್ತು. ಹಾನಿಗೆ ಸರಕಾರ ಹೊಣೆಯಲ್ಲ. ಪರಿಹಾರ ಬೇಕಾದವರು ಸಿವಿಲ್ ಕೋರ್ಟಿಗೆ ಹೋಗಲಿ.

ಅಂದರೆ ಚುಚ್ಚುವಾಗ ಒತ್ತಾಯ, ಅಳುವಾಗ ಸ್ವಇಚ್ಛೆ. ಇಂಥ ಮಾತನ್ನು ಸಂತೆಯಲ್ಲಿ ದನ ಮಾರುವವನು ಆಡಿದರೂ ನಾಲ್ಕು ಜನ ಸೇರಿ ನ್ಯಾಯ ಹೇಳುತ್ತಾರೆ.

ಅದೇ ವರ್ಷ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ನಮ್ಮ ಹಳ್ಳಿಗಳ ಗೋಡೆ ಮೇಲೆ ಬರೆಸುವಂಥದ್ದು. ಮೈ ಅವರವರದು; ಯಾರನ್ನೂ ಒತ್ತಾಯಿಸಿ ಚುಚ್ಚುವಂತಿಲ್ಲ. ಆದರೆ ಊರಿನ ಆರೋಗ್ಯಕ್ಕಾಗಿ ಸರಕಾರ ಅಳತೆಗೆ ತಕ್ಕ ನಿರ್ಬಂಧ ಹೇರಬಹುದು. ಅಳತೆ ಮೀರಿದರೆ ಕೋರ್ಟು ನೋಡುತ್ತದೆ. ಲಸಿಕೆಯಿಂದ ತೊಂದರೆಯಾದರೆ ಜನರೂ ಖಾಸಗಿ ಡಾಕ್ಟರರೂ ನೇರ ವರದಿ ಮಾಡುವ ವ್ಯವಸ್ಥೆ ಆಗಬೇಕು, ಆ ಮಾಹಿತಿ ಎಲ್ಲರಿಗೂ ಕಾಣಬೇಕು. ಲಸಿಕಾ ನೀತಿಯೇ ತಪ್ಪು ಎಂದು ಅದು ಹೇಳಲಿಲ್ಲ. ತೀರ್ಪು ಬಂತು, ಅಷ್ಟಕ್ಕೇ ನಿಂತಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರು ತಾಲೂಕಿನಲ್ಲಿ ಈ ಮಾತುಗಳು ಗೊತ್ತಿರುವ ಗ್ರಾಮ ಪಂಚಾಯಿತಿ ಸದಸ್ಯರು ಎಷ್ಟು ಜನ? 2024ರಲ್ಲಿ ಕಾನೂನು ಆಯೋಗ ತನ್ನ 286ನೇ ವರದಿಯಲ್ಲಿ ಆ 1897ರ ಕಾಯ್ದೆ ಈ ಕಾಲಕ್ಕೆ ಸಾಲದು ಎಂದು ಬರೆಯಿತು. ಕಾಲಕ್ಕೆ ಸಾಲದ ಕಾಯ್ದೆ ಇನ್ನೂ ಕಪಾಟಿನಲ್ಲಿದೆ, ಮುಂದಿನ ಬ್ಯಾನಿಗೆ ಕಾಯುತ್ತಿದೆ.

ಮುಂದಿನದು ಬರುತ್ತದೆ. ಯಾವಾಗ ಎಂದು ಡಾಕ್ಟರರಿಗೂ ಗೊತ್ತಿಲ್ಲ, ಜ್ಯೋತಿಷಿಗೂ ಗೊತ್ತಿಲ್ಲ. ಆದ್ದರಿಂದ ಮಳೆ ಬರುವ ಮುನ್ನ ಮಾಳಿಗೆ ಮೇಲೆ ಮಣ್ಣು ಹಾಕುವವರ ಹಾಗೆ ಈಗಲೇ ಕೇಳುತ್ತಿದ್ದೇನೆ.

ತಹಸೀಲ್ದಾರ ಸಾಹೇಬರೇ, ಡಿಸಿ ಸಾಹೇಬರೇ, ನಿಮ್ಮ ಕೈಗೆ ಆ ದಿನ ದೊಡ್ಡ ಅಧಿಕಾರ ಬರುತ್ತದೆ. ರಸ್ತೆ ಮುಚ್ಚುವ ಹಕ್ಕು, ಸಂತೆ ನಿಲ್ಲಿಸುವ ಹಕ್ಕು ಬರುತ್ತದೆ. ಕೆಲವೊಮ್ಮೆ ಅದು ಬೇಕೂ ಬೇಕು. ಅದನ್ನು ಬಳಸುವ ಮೊದಲ ದಿನ ಅತ್ಯಂತ ದೊಡ್ಡವನ ಮೇಲೆ ಬಳಸಿ ತೋರಿಸಿ. ಶಾಸಕರ ಮನೆಯ ಮದುವೆ ನಿಲ್ಲಿಸಿ, ಆಮೇಲೆ ಕುದುರೆಯ ಮೆರವಣಿಗೆ ನಿಲ್ಲಿಸಿ. ರೇಷನ್ನಿಗೆ, ಪಿಂಚಣಿಗೆ, ನೀರಿಗೆ ಕೈ ಹಾಕಬೇಡಿ. ಹೊಟ್ಟೆ ಹಿಡಿದು ತೋಳು ಕೇಳಬೇಡಿ. ಸತ್ತವರ ಮುಖ ದೂರದಿಂದಾದರೂ ಮನೆಯವರಿಗೆ ತೋರಿಸಿ.

ಸ್ವಾಮಿಗಳೇ, ಮೌಲವಿಗಳೇ. ಗೋಕಾಕದ ಶೂನ್ಯ ಸಂಪಾದನ ಮಠ, ಮೂಡಲಗಿಯ ಶಿವಬೋಧರಂಗ ಮಠ, ಹುಕ್ಕೇರಿಯ ಹಿರೇಮಠ, ಮೂರೂ ತಾಲೂಕಿನ ದರ್ಗಾ ಮಸೀದಿಗಳು. ಜನ ನಿಮ್ಮ ಬಾಗಿಲಿಗೆ ಸರಕಾರದ ಬಾಗಿಲಿಗಿಂತ ಮೊದಲು ಬರುತ್ತಾರೆ. ಸುಮಾರು 1805ರಲ್ಲಿ ಬರೆದ ಮೈಸೂರು ಅರಮನೆಯ ಹೆಣ್ಣುಮಕ್ಕಳ ಚಿತ್ರವೊಂದಿದೆ. ಅದರಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳಿನತ್ತ ಬೆರಳು ಮಾಡುವುದು ಆಗಷ್ಟೇ ಬಂದಿದ್ದ ಮೈಲಿ ಲಸಿಕೆ ಹಾಕಿಸಿಕೊಂಡದ್ದನ್ನು ತೋರಿಸಲು ಎಂದು ಇತಿಹಾಸಕಾರರು ಓದುತ್ತಾರೆ. ಅರಮನೆ ಮೊದಲು ತನ್ನ ತೋಳು ಕೊಟ್ಟಿತು. ನಿಮ್ಮ ಕಾವಿಯ ತೋಳೂ, ನಿಮ್ಮ ಬಿಳಿ ಜುಬ್ಬಾದ ತೋಳೂ ಎಲ್ಲರೆದುರು ಮೇಲೇರಲಿ. ನಿಮಗೆ ಲಸಿಕೆಯ ಬಗ್ಗೆ ಅನುಮಾನವಿದ್ದರೆ ಅದನ್ನೂ ಡಾಕ್ಟರರನ್ನು ಕೂರಿಸಿಕೊಂಡು ಎಲ್ಲರೆದುರೇ ಕೇಳಿ. ಮುಚ್ಚಿದ ಬಾಗಿಲ ಹಿಂದೆ ಹೇಳಿದ 'ಬ್ಯಾಡ' ಊರು ಸುಡುತ್ತದೆ.

ಮತ್ತು ನೀವು, ಬೆಳಗೆದ್ದು ವಾಟ್ಸಾಪ್ ನೋಡಿ ಹತ್ತು ಗುಂಪಿಗೆ ಕಳಿಸುವ ನನ್ನ ಗೆಳೆಯರೇ. ನಿಮಗೆ ಬೇಡವೆನ್ನುವ ಹಕ್ಕಿದೆ, ಕೋರ್ಟೇ ಹೇಳಿದೆ. ಆದರೆ ಒಂಬತ್ತು ತಿಂಗಳು ತುಂಬದ ಕೂಸಿಗೆ ಬೇಕೆನ್ನುವ ಹಕ್ಕೂ ಇಲ್ಲ. ದಡಾರದ ಮೊದಲ ಲಸಿಕೆ ಬರುವುದೇ ಒಂಬತ್ತು ತಿಂಗಳಿಗೆ. ಅಲ್ಲಿಯವರೆಗೆ ಅದನ್ನು ಕಾಯುವುದು ನಮ್ಮ ಮಕ್ಕಳು ಹಾಕಿಸಿಕೊಂಡ ಲಸಿಕೆ. ಪ್ರತಿ ಸುಗ್ಗಿಗೆ ಬೀಡದಿಂದ, ವಿಜಯಪುರದ ಕಡೆಯಿಂದ ಕಬ್ಬು ಕಡಿಯಲು ಬಂದು ಗದ್ದೆಯ ಬದುವಿನಲ್ಲಿ ಗುಡಿಸಲು ಹಾಕುವ ಜನರ ಕೂಸುಗಳನ್ನು ನೋಡಿ. ಅವು ಆ ಊರಿನ ಪಟ್ಟಿಯಲ್ಲೂ ಇಲ್ಲ, ಈ ಊರಿನ ಪಟ್ಟಿಯಲ್ಲೂ ಇಲ್ಲ. ಅವುಗಳಿಗೆ ಯಾರೂ ಒತ್ತಾಯ ಮಾಡುವುದಿಲ್ಲ, ಯಾರೂ ಕೇಳುವುದೂ ಇಲ್ಲ. ನೀವು ಕಳಿಸಿದ ಆ ಸಂದೇಶ ಮೊದಲು ಮುಟ್ಟುವುದು ಅವರ ತಾಯಿಯ ಕಿವಿಗೆ.

ಹುಕ್ಕೇರಿಯವರು 1969ರಲ್ಲೇ ತಮ್ಮ ಕರೆಂಟನ್ನು ತಾವೇ ಸಹಕಾರಿ ಸಂಘ ಮಾಡಿ ಹಂಚಿಕೊಂಡವರು. ಇಡೀ ರಾಜ್ಯದಲ್ಲಿ ಅಂಥದು ಅದೊಂದೇ. ಕಂಬ, ತಂತಿ, ಬಿಲ್ಲು ಎಲ್ಲ ನಡೆಸಿದವರಿಗೆ ಒಂದು ಚಳಿಪೆಟ್ಟಿಗೆಯ ಕಾವಲು ಕಷ್ಟವೆ? ಗ್ರಾಮಸಭೆಯಲ್ಲಿ ಕೂತು ನಾಲ್ಕು ಸಂಗತಿ ಬರೆದಿಡಿ. ಬ್ಯಾನಿ ಬಂದಾಗ ನಮ್ಮೂರಲ್ಲಿ ಯಾರು ಏನು ಬಿಡುತ್ತೇವೆ, ಸರಕಾರ ಏನು ಕೇಳಬಹುದು, ಏನು ಕೇಳಕೂಡದು, ಲಸಿಕೆಯಿಂದ ಯಾರಿಗಾದರೂ ಕೇಡಾದರೆ ಆ ಮನೆಯ ಜೊತೆ ಕೋರ್ಟಿಗೆ ಹೋಗುವವರು ಯಾರು. ಬರೆದು ಪಂಚಾಯಿತಿಯ ಠರಾವು ಮಾಡಿ, ತಾಲೂಕಿಗೆ ಕಳಿಸಿ, ನಕಲು ಇಟ್ಟುಕೊಳ್ಳಿ.

ಅದಕ್ಕೂ ಮೊದಲು ಒಂದು ಸಣ್ಣ ಕೆಲಸ. ಗುರುವಾರ ಲಸಿಕೆಯ ದಿನ. ಅಂಗನವಾಡಿಗೆ ಹೋಗಿ. ಕೂಸು ನಿಮ್ಮದೇ ಆಗಬೇಕೆಂದಿಲ್ಲ. ನರ್ಸಕ್ಕನ ಹತ್ತಿರ ಕೂತು, ಬಿಸಿಲಲ್ಲಿ ಬಂದವಳಿಗೆ ಒಂದು ಲೋಟ ನೀರು ಕೊಟ್ಟು, ಜಗಳದ ದನಿಯಲ್ಲಲ್ಲದೆ ಮನೆಯವರ ದನಿಯಲ್ಲಿ ಕೇಳಿ: "ಅಕ್ಕಾರ, ಈ ಬಾಟ್ಲಿ ಎಷ್ಟಕ್ಕ ಒಡದೀರಿ?" ಹೊತ್ತನ್ನು ಅದರ ಮೇಲೆ ಬರೆದಿರಬೇಕು, ಅದು ನಿಯಮ. ಬರೆದಿದ್ದರೆ ಆಕೆಯೇ ಬಾಟಲಿ ತಿರುಗಿಸಿ ತೋರಿಸುತ್ತಾಳೆ. ಬರೆದಿಲ್ಲದಿದ್ದರೆ ಪೆನ್ನು ಕೊಡಿ.